ಪೈಪಿನ ಇನ್ನೊಂದು ತುದಿ

ನಮ್ಮ ಮನೆಯ ಹಿತ್ತಲ ಗೋಡೆಗೆ ಒಳಗಿನ ನೀರು ಹೊರಗೆ ಕಾಣುವಂಥ ಒಂದು ಪೈಪು ಹಾವಿನಂತೆ ಸುರುಳಿ ಸುತ್ತಿಕೊಂಡು ನೇತಾಡುತ್ತದೆ. ಬೆರಳು ದಪ್ಪ, ಮೂವತ್ತು ಅಡಿ ಉದ್ದ. ಅದರೊಳಗೆ ನೀರು ತುಂಬಿ, ಒಂದು ತುದಿಯನ್ನು ಈ ಗೋಡೆಗೆ, ಇನ್ನೊಂದನ್ನು ಆ ಗೋಡೆಗೆ ಹಿಡಿದರೆ, ಎರಡೂ ಕಡೆ ನೀರು ಒಂದೇ ಎತ್ತರದಲ್ಲಿ ನಿಲ್ಲುತ್ತದೆ. ಅಲ್ಲಿ ಗುರುತು ಹಾಕಿ, ಆ ಗುರುತಿನಿಂದ ಅಳೆದು, ನಾವು ಗೌಂಡಿಗಳು ನೆಲದ ಏರಿಳಿತ ಗೊತ್ತುಮಾಡುತ್ತೇವೆ. ಐದನೆಯ ಇಯತ್ತೆಗೇ ಶಾಲೆ ಬಿಟ್ಟವನು ನಾನು. ಆದರೂ ಹಳಿಯಾಳದಿಂದ ದಾಂಡೇಲಿಯವರೆಗೆ ನಾನು ಕಟ್ಟಿದ ಮೆಟ್ಟಿಲು ಹತ್ತುವಾಗ ಯಾರೂ ಎಡವಿಲ್ಲ ಎಂದು ಎದೆ ತಟ್ಟಿ ಹೇಳುತ್ತೇನೆ. ಈ ಹೆಮ್ಮೆಯ ಕಥೆಯನ್ನೇ, ಗೆಳೆಯರೇ, ಇವತ್ತು ನಿಮ್ಮ ಮುಂದೆ ಬಿಚ್ಚಬೇಕಾಗಿದೆ.

ಈಗ ಮೊಬೈಲು ತೆರೆದರೆ ಸಾಕು, ಕೋಟು ಹಾಕಿದವರೊಬ್ಬರು ಬಂದು ಬದುಕು ಚೆನ್ನಾಗಬೇಕಾದರೆ ಬೆಳಗಿನ ಐದಕ್ಕೆ ಏಳಿ ಅನ್ನುತ್ತಾರೆ. ನಾವು ಐದಕ್ಕೆ ಏಳದ ದಿನ ಯಾವುದು ಸ್ವಾಮಿ? ಮೈ ಬಗ್ಗಿಸಿ ದುಡಿಯಿರಿ ಅನ್ನುತ್ತಾರೆ. ನನ್ನ ಬೆನ್ನು ಕೇಳಿ, ಅದು ಹೇಳುತ್ತದೆ. ಕೊಟ್ಟ ಮಾತಿಗೆ ತಪ್ಪಲಿಲ್ಲ, ಕೆಲಸ ಮುಗಿದ ಮೇಲೆ ಕರಣಿ ತೊಳೆಯದೆ ಮನೆಗೆ ಹೋಗಲಿಲ್ಲ, ಸೆರೆ ಕುಡಿಯಲಿಲ್ಲ. ಒಳ್ಳೆಯ ರೂಢಿಗಳ ಪಟ್ಟಿ ಮಾಡಿದರೆ ಅರ್ಧಕ್ಕಿಂತ ಹೆಚ್ಚು ನನ್ನಲ್ಲಿದ್ದವು. ಹಾಗಿದ್ದೂ ಮನೆಯೊಳಗೆ ಕಾಲಿಟ್ಟರೆ ಏನೋ ಬಿಗುವು, ಉಂಡ ಅನ್ನ ಮೈಗೆ ಹತ್ತದಂಥ ಕಸಿವಿಸಿ. ಯಾವ ರೂಢಿ ಕಡಿಮೆ ಬಿದ್ದಿತ್ತು ಎಂಬುದು ನನಗೆ ಗೊತ್ತಾದದ್ದು ದಾಂಡೇಲಿಯ ಒಂದು ಪಡಸಾಲೆಯಲ್ಲಿ.

ಪೈಪಿನ ಕೆಲಸಕ್ಕೆ ಇಬ್ಬರು ಬೇಕು. ಇಪ್ಪತ್ತು ವರ್ಷದಿಂದ ಅದರ ಇನ್ನೊಂದು ತುದಿ ಹಿಡಿದವಳು ನನ್ನ ಹೆಂಡತಿ ಗಂಗವ್ವ. ನೀರು ಗೆರೆ ಮುಟ್ಟಿದಾಗ ಆಕಡೆಯಿಂದ ಅವಳು "ಬಂತು" ಅನ್ನಬೇಕು, ಅಲುಗಾಟ ನಿಂತಾಗ ಈಕಡೆಯಿಂದ ನಾನು "ನಿಂತು" ಅನ್ನಬೇಕು. ಎಷ್ಟೋ ದಿನ ನಮ್ಮಿಬ್ಬರ ನಡುವೆ ಆಗುತ್ತಿದ್ದ ಮಾತು ಇಷ್ಟೇ. ಅದು ಸಾಕು ಅಂತಲೇ ನಾನು ತಿಳಿದಿದ್ದೆ.

ಕಾಗದದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ರುದ್ರಪ್ಪನವರು ಮನೆಯ ಮುಂದೆ ಒಂದು ಪಡಸಾಲೆ ಹಾಕಿಸುತ್ತಿದ್ದರು. ಮೂಲ ಧಾರವಾಡ ಕಡೆಯವರು, ನಗುನಗುತ್ತಲೇ ಚುಚ್ಚುವ ಮನುಷ್ಯ. ಉಸುಕು ಹೊರಲು ನಮ್ಮೂರಿನ ಶಾಂತಕ್ಕ ಬಂದಿದ್ದಳು. ಅವರಿಬ್ಬರೂ ನೋಡುತ್ತಿರುವಾಗಲೇ ನಾನು ನೆಲದ ಗುರುತು ಹಾಕಲು ಶುರುಮಾಡಿದೆ. ಗಂಗವ್ವ "ಬಂತು" ಅನ್ನಲಿಲ್ಲ. ಪೈಪನ್ನು ಬೆಳಕಿಗೆ ಹಿಡಿದು ನೋಡಿ, "ತಡೀರಿ. ಪೈಪಿನ್ಯಾಗ ಗಾಳಿ ಸಿಕ್ಕೊಂಡೈತಿ. ಎರಡ ಬೆರಳ ಅಗಲ ಐತಿ ನೋಡ್ರಿ" ಅಂದಳು.

ನೀರಿನ ನಡುವೆ ಗಾಳಿ ಸಿಕ್ಕಿಕೊಂಡರೆ ಎರಡೂ ತುದಿಯ ಎತ್ತರ ತಪ್ಪಾಗುತ್ತದೆ. ಇದು ಕಸಬಿನ ಮೊದಲ ಪಾಠ. ಆದರೆ ಮನೆಯ ಯಜಮಾನರ ಎದುರು ನನ್ನ ಕಸಬಿನ ಪಾಠವನ್ನು ನನಗೇ ಹೇಳಿದಳಲ್ಲ ಎಂಬುದೊಂದೇ ಆಗ ತಲೆಗೆ ಹತ್ತಿದ್ದು.

"ನೀ ಪೈಪ ಹಿಡ್ಯಾಕ ಬಂದೀಯೋ, ನನಗ ಶಾಣ್ಯಾತನ ಕಲಸಾಕ ಬಂದೀಯೋ?" ಅಂದೆ. ಅಂದೆ ಅನ್ನುವುದು ಸೌಮ್ಯವಾಯಿತು, ಕೂಗಿದೆ. ಓಣಿಯ ನಾಯಿ ಸಹ ಎದ್ದು ದೂರ ಹೋಗಿ ಮಲಗಿತು.

ಗಂಗವ್ವ ಬೆಳಕಿಗೆ ಹಿಡಿದಿದ್ದ ಪೈಪು ಇಳಿಸಿದಳು. ನಾನು ಹೇಳಿದಲ್ಲಿ ತುದಿ ಹಿಡಿದಳು, ಗೆರೆ ಬಿದ್ದವು. ಮರುದಿನ ಬೆಳಿಗ್ಗೆ ರೊಟ್ಟಿಯ ಗಂಟು ಕಟ್ಟಿ ಕೈಗಿಟ್ಟು, ತಾನು ಮಾತ್ರ ಒಲೆಯ ಮುಂದೆಯೇ ಕುಳಿತಳು.

"ಯಾಕ, ಬರಂಗಿಲ್ಲೇನ?"

"ಬರೇ ಹಿಡ್ಯಾಕಾದ್ರ ನಾ ಯಾಕ ಬೇಕ್ರಿ? ಗ್ವಾಡಿಗೆ ಒಂದ ಮೊಳಿ ಹೊಡೀರಿ, ಪೈಪ ಕಟ್ರಿ. ಮೊಳಿ ಎದುರ ಮಾತಾಡಂಗಿಲ್ಲ."

ನಾನೂ ಬಿಡುವವನಲ್ಲ. ನಿಜವಾಗಿಯೂ ಮೊಳೆ ಹೊಡೆದೆ. ಅದೇ ಮನೆಯ ಬಚ್ಚಲಿನ ಗುರುತಿಗೆ ಪೈಪು ಕಟ್ಟಿ, ಆ ತುದಿಗೆ ಓಡು, ಈ ತುದಿಗೆ ಓಡು. ಒಬ್ಬನೇ ಕಬಡ್ಡಿ ಆಡಿದ ಹಾಗಾಯಿತು. ಬುಟ್ಟಿ ಇಳಿಸಿದ ಶಾಂತಕ್ಕ ಸೆರಗಿನಿಂದ ಮುಖ ಒರೆಸಿಕೊಂಡು, "ಮೇಸ್ತ್ರೀ, ಮೊಳಿ ಏನಂತೈತಿ? ಬಂತು ಅಂತೈತೋ, ಇನ್ನಾ ಇಲ್ಲ ಅಂತೈತೋ?" ಎಂದು ಕೇಳಿದಳು. ನಾನು ಕೇಳಿಸದವನಂತೆ ಸಿಮೆಂಟಿನ ಕಲಸು ತಿರುವಿದೆ.

ಪಡಸಾಲೆಯ ನೆಲ ಮುಗಿದು ಗಟ್ಟಿಯಾದ ಮೇಲೆ ರುದ್ರಪ್ಪನವರು ಒಂದು ಕೊಡ ನೀರು ಸುರುವಿದರು. ಅಂಗಳಕ್ಕೆ ಹರಿಯಬೇಕಾದ ನೀರು ಒಂದು ಕ್ಷಣ ಯೋಚನೆ ಮಾಡಿದಂತೆ ನಿಂತು, ಆಮೇಲೆ ನಿಧಾನವಾಗಿ ಹೊಸ್ತಿಲ ಕಡೆಗೆ ಹೊರಟಿತು. ಅವರು ನೀರನ್ನೂ ನನ್ನನ್ನೂ ನೋಡಿ, "ಮೇಸ್ತ್ರಿ, ಈ ನೀರಿಗೆ ನಮ್ಮ ಮನಿ ಬಾಳ ಸೇರೇದ ಅನಸ್ತದ. ಹೊರಗ ಹೋಗ ಅಂದ್ರ ಒಳಗ ಬರಾಕತ್ತದ" ಅಂದರು. ತಪ್ಪನ್ನು ಸಿಮೆಂಟಿನ ಮೇಲೆ ಹಾಕೋಣವೆಂದು ಬಾಯಿ ತೆರೆದೆ. ಬಿಸಿಲಿನ ಮೇಲೆ ಹಾಕೋಣವೆಂದುಕೊಂಡೆ. ಶಾಂತಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು. "ಒಡದು ಮತ್ತ ಮಾಡಿ ಕೊಡ್ತೇನ್ರಿ" ಎಂದಷ್ಟೇ ಹೇಳಿ ಸುತ್ತಿಗೆ ಎತ್ತಿಕೊಂಡೆ.

ಅವತ್ತು ಮನೆಗೆ ಹೋಗುವಾಗ ಗಂಗವ್ವನಿಗೆ ಮಲ್ಲಿಗೆ ತಂದೆ. ಅಡುಗೆ ಮನೆಯ ಬಾಗಿಲಲ್ಲಿ ನಿಂತು, ಗೋಡೆಗೂ ಕೇಳಿಸದಷ್ಟು ಮೆಲ್ಲಗೆ, "ಆತ ಬಿಡ, ನಾಳಿಗೆ ಕೂಡೇ ಹೋಗೂಣು" ಅಂದೆ. ಅವಳು ಹೂವು ತೆಗೆದುಕೊಂಡು ಅರ್ಧ ದೇವರಿಗೆ ಏರಿಸಿದಳು. ಅಲ್ಲಿಂದ ತಿರುಗಿ ನೋಡದೆಯೇ ಹೇಳಿದಳು: "ಮುಂಡಗೋಡದ ಮೇಸ್ತ್ರಿ ಕೇಳ್ಯಾರ. ಸೋಮಾರದಿಂದ ಅವರ ಕೆಲಸಕ್ಕ ಬರ್ತೇನಿ ಅಂತ ಹೇಳಿಬಿಡಬೇಕಂತ ಮಾಡೇನಿ."

ಅವಳು ಬೇರೆಯವರಲ್ಲಿ ದುಡಿಯುವುದು ತಪ್ಪಲ್ಲ. ಆದರೆ ಇಪ್ಪತ್ತು ವರ್ಷ ನನ್ನ ಗೋಡೆಗಳು ನೆಟ್ಟಗೆ ನಿಂತದ್ದು ಯಾರ ಕಣ್ಣಿನಿಂದ ಎಂಬುದು ಅವಳು ಬಿಟ್ಟು ಹೊರಟಾಗ ನನಗೆ ಕಾಣತೊಡಗಿತು. ಎಷ್ಟೋ ಸಲ ಅವಳು ಸುಮ್ಮನೆ ಪೈಪು ಕೊಡವಿ ಗಾಳಿ ಹೊರಹಾಕಿದ್ದಳು, ನಾನು ಅದನ್ನು ನನ್ನ ಶಾಣ್ಯಾತನದ ಖಾತೆಗೆ ಹಾಕಿಕೊಂಡಿದ್ದೆ.

ಮುಂದಿನ ಎರಡು ದಿನ ಹಾರೆ ಸುತ್ತಿಗೆ ಹಿಡಿದು ನಾನೇ ಹಾಕಿದ ನೆಲವನ್ನು ನಾನೇ ಒಡೆಯುತ್ತಾ ಬಹಳ ಯೋಚಿಸಿದೆ. ಮಲ್ಲಿಗೆ ಯಾಕೆ ಕೆಲಸ ಮಾಡಲಿಲ್ಲ? ನೋಡಿ ಗೆಳೆಯರೇ, ನಾವು ಗಂಡಸರು ಒಂದು ಹಂಚಿಕೆ ಮಾಡಿಕೊಂಡಿದ್ದೇವೆ: ಬೈಯುವುದು ಅಂಗಳದಲ್ಲಿ, ಸಮಾಧಾನ ಮಾಡುವುದು ಅಡುಗೆ ಮನೆಯಲ್ಲಿ. ಅವಮಾನವನ್ನು ನಾಲ್ಕು ಮಂದಿಯ ಎದುರು ಮಾಡಿ, ಪಶ್ಚಾತ್ತಾಪವನ್ನು ಯಾರೂ ಇಲ್ಲದಾಗ ಮಾಡುತ್ತೇವೆ. ಉಳವಿಯ ಗುಡಿಗೆ ಹೋಗಿ ಚನ್ನಬಸವಣ್ಣನ ಮುಂದೆ ತಪ್ಪಾಯಿತು ಅನ್ನುವುದು ಸುಲಭ. ಅವನು ಬಂದು ಶಾಂತಕ್ಕನಿಗೆ ಹೇಳುವುದಿಲ್ಲ. ಗಾಯ ಎಲ್ಲಿ ಆಯಿತೋ ಮದ್ದು ಅಲ್ಲಿಗೇ ಹಚ್ಚಬೇಕು ತಾನೆ? ಅವಳಿಗೆ ಗಾಯವಾದದ್ದು ರುದ್ರಪ್ಪನವರ ಪಡಸಾಲೆಯಲ್ಲಿ.

ಶನಿವಾರ ಬೆಳಿಗ್ಗೆ ಗಂಗವ್ವನಿಗೆ, "ಒಂದ ಸಲ ದಾಂಡೇಲಿಗೆ ಬಾ. ಹಿಡ್ಯಾಕಲ್ಲ, ನೋಡಾಕ" ಎಂದೆ. ಅವಳು ಚಪ್ಪಲಿ ಮೆಟ್ಟಿ ಹೊರಟಳು. ಬಸ್ಸಿನಲ್ಲಿ ಕಿಟಕಿಯ ಕಡೆಗೆ ಮುಖ ಮಾಡಿ ಕುಳಿತಳು.

ಒಡೆದ ನೆಲದ ನಡುವೆ ನಿಂತೆ. ರುದ್ರಪ್ಪನವರನ್ನು ಹೊರಗೆ ಕರೆದೆ. ಬುಟ್ಟಿ ಇಳಿಸು ಎಂದು ಶಾಂತಕ್ಕನಿಗೂ ಹೇಳಿದೆ. ಎರಡಂತಸ್ತಿನ ಮೇಲೆ ಒಂದೇ ಹಲಗೆಯ ಮೇಲೆ ಹೆದರದೆ ನಿಲ್ಲುವವನು, ಇಲ್ಲಿ ನೆಲದ ಮೇಲೆ ನಿಂತು ಸುತ್ತಿಗೆಯನ್ನು ಎರಡು ಸಲ ಎತ್ತಿ ಕೆಳಗಿಟ್ಟೆ.

"ಅವತ್ತ ಪೈಪಿನ್ಯಾಗ ಗಾಳಿ ಇದ್ದದ್ದ ಖರೆ. ಗಂಗವ್ವ ಹೇಳಿದ್ಲು. ನಾ ಕೇಳಲಿಲ್ಲ, ಮ್ಯಾಲ ಬೈದೆ. ನಂದ ತಪ್ಪಾತು" ಅಂದೆ. ಕೊನೆಯ ಮಾತು ಹಳೆಯ ರೂಢಿಯಂತೆ ಗಂಟಲಿನಲ್ಲೇ ಅರ್ಧ ಉಳಿಯಿತು.

ಗಂಗವ್ವ ಕಿವಿಯ ಹಿಂದೆ ಸೆರಗು ಸರಿಸಿಕೊಂಡಳು. "ಕಡೀ ಮಾತ ಕೇಳಸಲಿಲ್ರಿ. ಅವತ್ತ ಬೈದದ್ದ ಓಣಿಗೆಲ್ಲಾ ಕೇಳಿಸಿತ್ತ."

ಶಾಂತಕ್ಕ ಮುಖ ತಿರುಗಿಸಿ ನಕ್ಕಳು. ರುದ್ರಪ್ಪನವರು ಮಾತ್ರ ಚುಚ್ಚಲಿಲ್ಲ, ಕೈಕಟ್ಟಿ ಕಾದರು. ನಾನು ಉಸಿರೆಳೆದುಕೊಂಡು, ಎದುರು ಮನೆಯ ಮುದುಕಿ ಬಾಗಿಲಿಗೆ ಬಂದು ಇಣುಕುವಷ್ಟು ಜೋರಾಗಿ ಹೇಳಿದೆ, "ನಂದ ತಪ್ಪಾತು!" ಹೇಳಿದ ಮೇಲೆ ನೋಡಿಕೊಂಡರೆ, ಆಶ್ಚರ್ಯ, ನಾನು ಒಂದು ಅಂಗುಲವೂ ಗಿಡ್ಡನಾಗಿರಲಿಲ್ಲ. ಇಷ್ಟು ವರ್ಷ ಹೊತ್ತ ಯಾವುದೋ ಬುಟ್ಟಿಯನ್ನು ಕೆಳಗಿಳಿಸಿದಷ್ಟು ಹಗುರವಾಗಿದ್ದೆ.

ಗಂಗವ್ವ ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದಳು, ಚಪ್ಪಲಿ ಬಿಟ್ಟು ಒಡೆದ ನೆಲಕ್ಕೆ ಇಳಿದಳು.

"ಶಾಂತಕ್ಕಾ, ನಿನ್ನ ಫೋನ್ ಕೊಡ ಇಲ್ಲಿ. ಆ ಮುಂಡಗೋಡದವರಿಗೆ ಹೇಳಬೇಕ, ನಮ್ಮ ಮನಿಯವರ ಈಗಷ್ಟ ಕಲಿಯಾಕ ಹತ್ಯಾರ, ನಡುವ ಬಿಟ್ಟ ಬರಾಕ ಆಗಂಗಿಲ್ಲ ಅಂತ."