ಬಾಗಿಲ ಹಿಂದಿನ ಕೋಲು

ಕಲಘಟಗಿಯಲ್ಲಿ ನಮ್ಮ ಬಾಜು ಮನೆಯ ಮಾಜಿ ಸೈನಿಕರು ಕೋಲೂರಿ ಬಲಗಾಲು ಎಳೆದು ನಡೆಯುತ್ತಿದ್ದರು. ಗಡಿಯಲ್ಲಿ ಗಾಡಿ ಉರುಳಿ ಮೊಣಕಾಲು ಮುರಿದಿತ್ತು. ಕಾಲಿನ ಊನ ಎಷ್ಟು ಪ್ರತಿಶತವೆಂದು ಮಿಲಿಟರಿ ಡಾಕ್ಟರುಗಳು ಮತ್ತೆ ಅಳೆಯುತ್ತಾರೆಂದು ಕಾಗದ ಬಂದಿತ್ತು. ದಿನಾಂಕ ಮಾತ್ರ ಎರಡು ವರ್ಷವಾದರೂ ಬರಲಿಲ್ಲ. ಪ್ರತಿಶತ ಇಳಿದರೆ ಗಾಯದ ಪಿಂಚಣಿ ನಿಂತೇಹೋಗುತ್ತಿತ್ತು. ಪೋಸ್ಟ್‌ಮನ್‌ಗೆ ದಿನವೂ ಅವರದು ಒಂದೇ ಮಾತು: "ನಮ್ದೇನರ ಬಂದೈತೇನಪಾ?"

ಕೊನೆಗೆ ತಪಾಸಣೆಗೆ ಕರೆ ಬಂತು. ಇಸ್ತ್ರಿ ಪ್ಯಾಂಟು ಹಾಕಿಕೊಂಡು ಹೋದವರು ಸಂಜೆ ಬಸ್ಸಿಳಿದು ಬಂದು ನಮ್ಮ ಕಟ್ಟೆಯ ಮೇಲೆ ಕುಸಿದು ಕುಳಿತರು. ನಾನು ನೀರು ಕೊಡುವಷ್ಟರಲ್ಲಿ ಅವರ ಹೆಂಡತಿ ಓಡಿ ಬಂದರು.

"ಡಾಕ್ಟರು ಏನಂದ್ರು?"

"ನಡದು ತೋರಸ್ರಿ ಅಂದ್ರು. ನಡದೆ."

"ಹೆಂಗ ನಡದ್ರಿ?"

ಅವರು ಲೋಟವನ್ನೇ ನೋಡುತ್ತ ಹೇಳಿದರು: "ಎದುರಿಗೆ ಕರ್ನಲ್ ಸಾಹೇಬ್ರು ಕುಂತಿದ್ರು. ಕೋಲು ಬಾಗಲ ಹಿಂದ ಇಟ್ಟು, ಪರೇಡಿನ್ಯಾಗ ನಡದಂಗ ನಡದು ಸೆಲ್ಯೂಟ್ ಹೊಡದೆ."

"ಮನ್ಯಾಗ ಬಚ್ಚಲಕ್ಕ ಹೋಗಾಕ ನನ್ನ ಹೆಗಲು ಬೇಕು. ಅಲ್ಲಿ ಪರೇಡ್ ಬೇಕಾಗಿತ್ತೇನ್ರಿ?"

"ಸಾಹೇಬ್ರ ಮುಂದ ಹೆಂಗ ಕುಂಟ್ಲಿ, ಹೇಳು."

ನಾವು ಆ ಮನೆ ಬಿಡುವವರೆಗೂ ತೀರ್ಪು ಬಂದಿರಲಿಲ್ಲ. ಪೋಸ್ಟ್‌ಮನ್ನನ ಸೈಕಲ್ ಗಂಟೆ ಕೇಳಿದರೆ ಅವರು ಕೋಲನ್ನು ಬಾಗಿಲ ಹಿಂದೆ ಸರಿಸಿ, ಚೌಕಟ್ಟು ಹಿಡಿದು ನೆಟ್ಟಗೆ ನಿಂತು ಕೇಳುತ್ತಿದ್ದರು: "ನಮ್ದೇನರ ಬಂದೈತೇನಪಾ?"