ಕಸೂತಿಗೆ ಸರ್ವರ್‌ನ ಅಪ್ಪಣೆ ಯಾಕೆ?

ಕಳೆದ ಶನಿವಾರ ಬೈಲಹೊಂಗಲದ ಮನೆಗೆ ಹೋದವನು ಚಹಾ ಕುಡಿಯುವ ಮೊದಲೇ ಸಿಕ್ಕಿಬಿದ್ದೆ. ಶಕುಂತಲಾ ವೈನಿ (ನನ್ನ ಅಣ್ಣನ ಹೆಂಡತಿ) ಗೋಪುರದ ಚಿತ್ರ ಬರೆದ ಚೌಕುಳಿ ಹಾಳೆ ಹಿಡಿದು ನಿಂತಿದ್ದರು.

“ಸೂಜಿ ಎಲ್ಲಿಂದ ಹೊಂಡಬೇಕು, ನಿಮ್ಮ ಕಂಪ್ಯೂಟರ್‌ಗೆ ಕೇಳ್ರಿ. ನಾಳೆ ಯರಗಟ್ಟಿಯೊಳಗ ಕಸೂತಿ ಕ್ಲಾಸ್ ಶುರು ಮಾಡಬೇಕಂತ ಮಾಡೇನಿ. ಆದ್ರ ಚಚಡಿ ದೊಡ್ಡಪ್ಪಾರು ಇನ್ನೂ ಹೂಂ ಅಂದಿಲ್ಲ.”

ನಮ್ಮ ಮನೆತನದ ಪದ್ಧತಿ ಅದು. ಹೊಸದೇನು ಶುರು ಮಾಡಿದರೂ ಚಚಡಿ ಊರಿನಲ್ಲಿರುವ ದೊಡ್ಡಪ್ಪ ಹೂಂ ಅನ್ನಬೇಕು. ಅವರು ಹೂಂ ಅನ್ನಲೊಲ್ಲರು, ಉಹೂಂ ಕೂಡ ಅನ್ನಲೊಲ್ಲರು. ಈ ಭಾನುವಾರವೂ ತಪ್ಪಿದರೆ ಬೇರೆಯವರ ಹತ್ತಿರ ಹೋಗುತ್ತೇವೆ ಎಂದು ಯರಗಟ್ಟಿಯ ಹೆಂಗಸರು ಹೇಳಿಕಳಿಸಿದ್ದರು.

ಕಸೂತಿಯ ಕಟ್ಟುನಿಟ್ಟು ಗೊತ್ತಲ್ಲ? ಗಂಟು ಹಾಕುವಂತಿಲ್ಲ, ಹಿಂದೆ ಮುಂದೆ ಒಂದೇ ರೀತಿ ಕಾಣಬೇಕು, ಸೂಜಿ ಹೊರಟಲ್ಲಿಗೇ ಮರಳಬೇಕು. ಆ ದಾರಿ ಹುಡುಕುವ ಪ್ರೋಗ್ರಾಂ ಒಂದನ್ನು ನಾನು ಪೈಥಾನ್‌ನಲ್ಲಿ ಬರೆದಿದ್ದೆ. ಅದು ಓಡುತ್ತಿದ್ದದ್ದು ಬೆಳಗಾವಿಯ ನಮ್ಮ ಆಫೀಸಿನ ಸರ್ವರ್ ಮೇಲೆ. ಮನೆಯ ಫೋನ್ ಲೈನ್ ಸತ್ತಿತ್ತು, ಇಂಟರ್ನೆಟ್ ಇಲ್ಲ. ಕೈಯಲ್ಲಿದ್ದದ್ದು ಸಿ.ಡಿ.ಯಲ್ಲಿನ ಕೋಡ್ ಮಾತ್ರ.

ಓಡಿಸಿದೆ. ಎರರ್! ಪ್ರತಿ ಫಂಕ್ಷನ್‌ನ ತಲೆಯ ಮೇಲೆ @ ಚಿಹ್ನೆಯ ಒಂದು ಸಾಲಿತ್ತು. ಡೆಕೊರೇಟರ್ ಅನ್ನುತ್ತಾರೆ. ಹೆಸರಿಗೆ ಅಲಂಕಾರ, ಕೆಲಸ ಕಾವಲುಗಾರನದು: ಬಂದವರು ಲಾಗಿನ್ ಆಗಿದ್ದಾರೆಯೇ ಎಂದು ಸರ್ವರ್‌ಗೆ ಕೇಳಿ ಒಳಗೆ ಬಿಡುವುದು. ಮನೆಯ ಕಂಪ್ಯೂಟರ್‌ಗೆ ಈ ಕಾವಲುಗಾರನ ಪರಿಚಯವೇ ಇಲ್ಲ. ಆ ಸಾಲುಗಳನ್ನೇ ಅಳಿಸಿಬಿಡಲೇ? ಸೋಮವಾರ ಆಫೀಸಿನಲ್ಲಿ ಮತ್ತೆ ಎಲ್ಲ ಬರೆಯುವವರು ಯಾರು?

ಹೀಗೆ ಮಾಡಿದರೆ? ಸರ್ವರ್ ಸಿಕ್ಕರೆ ಅದರ ಕಾವಲುಗಾರನೇ ಇರಲಿ. ಸಿಗದಿದ್ದರೆ ಅದೇ ಹೆಸರಿನ ನನ್ನವನೊಬ್ಬ ಬಾಗಿಲಲ್ಲಿ ನಿಂತು ಎಲ್ಲರಿಗೂ “ಹೋಗ್ರಿ” ಅನ್ನಲಿ. ಬರೆದೆ. ಮತ್ತೆ ಎರರ್. (ಫಂಕ್ಷನ್ ಇಸಿದುಕೊಂಡ ಕಾವಲುಗಾರ ಅದನ್ನು ವಾಪಸ್ ಕೊಡಬೇಕೆಂದು ಬರೆಯುವುದನ್ನೇ ಮರೆತಿದ್ದೆ. ಬೀಗರನ್ನು ಬಾಗಿಲಲ್ಲೇ ನಿಲ್ಲಿಸಿ ಹರಟೆ ಹೊಡೆದ ಹಾಗೆ.) ತಿದ್ದಿದೆ. ಸೂಜಿಯ ದಾರಿ ಪರದೆಯ ಮೇಲೆ ಮೂಡಿತು. ನನಗೆ ಕುಣಿಯುವಷ್ಟು ಖುಷಿ!

ವೈನಿ ಅಲ್ಲೇ ಕೂತು ಹೊಲಿದು, ಬಟ್ಟೆ ತಿರುವಿ ನೋಡಿದರು. ಎಲ್ಲೂ ಗಂಟಿಲ್ಲ.

“ಬರೋಬ್ಬರಿ ಬಂತಲ್ರಿ! ಹಂಗಾರ ನೀವು ಬೈಯತಿದ್ದ ಆ @ ಸಾಲು ಇಷ್ಟು ದಿವಸ ಏನ ಮಾಡತಿತ್ತು?”

“ಪರವಾನಗಿ ಕೇಳತಿತ್ತ್ರಿ. ಹೊಲಿಗಿಗೂ ಅದಕ್ಕೂ ಸಂಬಂಧ ಇಲ್ಲ.” (ಸರ್ವರ್‌ನಲ್ಲಿ ಅದು ಬೇಕು ಬಿಡಿ, ಅಲ್ಲಿಗೆ ಊರವರೆಲ್ಲ ಬರುತ್ತಾರೆ.)

ವೈನಿ ಬಟ್ಟೆ ಮಡಚಿ ಚೀಲದಲ್ಲಿಟ್ಟರು.

ಭಾನುವಾರ ನಾನು ಏಳುವಷ್ಟರಲ್ಲಿ ಅವರು ಯರಗಟ್ಟಿ ಬಸ್ ಹತ್ತಿಯಾಗಿತ್ತು. ಅಣ್ಣ ಗಾಬರಿಯಲ್ಲಿ ಬಂದ.

“ದೊಡ್ಡಪ್ಪ ಹೂಂ ಅಂದ್ನೇನೋ?”

ತನ್ನನ್ನೂ ಯಾರೂ ಕೇಳಿಲ್ಲ ಎಂಬುದು ಅವನಿಗಿನ್ನೂ ಹೊಳೆದಿರಲಿಲ್ಲ.