ಕುಡಿದುಬಿಟ್ಟ ಸ್ವರ

ನಮ್ಮ ಮನೆಯಲ್ಲಿ ಈಚೆಗೆ ಯಾವ ಲೋಟವೂ ಪೆಟ್ಟು ತಿನ್ನದೆ ಬಾಯಿಗೆ ಬರುವುದಿಲ್ಲ. ನೀರಿರಲಿ, ಮಜ್ಜಿಗೆಯಿರಲಿ, ತಿಳಿಸಾರೇ ಇರಲಿ, ಅಕ್ಕನ ಮಗಳು ಅನಘಾ ಮೊದಲು ಚಮಚದಿಂದ ಟಿಣ್ ಎನಿಸಿ, ಕಿವಿಗೊಟ್ಟು ಆಲಿಸಿ, ಆಮೇಲಷ್ಟೇ ಉಪಸಂಹಾರವೆಂಬಂತೆ ಕುಡಿಯುತ್ತಾಳೆ. ಈ ಉಪದ್ರವದ ಉಗಮಸ್ಥಾನ ಬಸವೇಶ್ವರನಗರದ ಒಂದು ಭಾನುವಾರದ ತರಗತಿ. ಅಲ್ಲಿ ಮಕ್ಕಳಿಗೆ ವಿಜ್ಞಾನವನ್ನೂ ಕಲೆಯನ್ನೂ ಒಟ್ಟಿಗೆ ಕಲಿಸುತ್ತಾರೆ.

ಆ ‘ಒಟ್ಟಿಗೆ’ಯ ಮೇಲೇ ನನ್ನ ತಕರಾರು. ಕಾಲೇಜಿನಿಂದಲೂ ಚರ್ಚಾಸ್ಪರ್ಧೆಗಳಲ್ಲಿ ಪಳಗಿದವಳು ನಾನು. ಅಲ್ಲಿ ಚೀಟಿ ಬಂದಂತೆ ಪರ ಅಥವಾ ವಿರೋಧ. ಮನೆಯಲ್ಲಿ ಚೀಟಿ ಎತ್ತುವ ಏರ್ಪಾಡಿಲ್ಲವಾದ್ದರಿಂದ ಕಾಯಂ ವಿರೋಧ. ಪಾಯಸಕ್ಕೆ ಸಾರು ಬೆರೆಸಿದರೆ ಎರಡೂ ಕೆಡುತ್ತವೆ ಎಂದು ಅಕ್ಕನೆದುರು ಮಂಡಿಸಿದೆ.

“ಭಾನುವಾರ ಅವಳ ಪ್ರದರ್ಶನ ಇದೆ, ನೀನೇ ಹೋಗಿ ನೋಡು. ದಂಡ ಅನ್ಸಿದ್ರೆ ಹೇಳು, ಬಿಡಿಸಿ ಗಣಿತದ ಟ್ಯೂಷನ್‌ಗೆ ಹಾಕ್ತೀನಿ” ಎಂದಳು ಅಕ್ಕ.

ಬಾಗಿಲಲ್ಲಿ ನಿಂತು ಕೇಳಿಸಿಕೊಂಡ ಅನಘಾ, “ಚಿಕ್ಕಿ, ತೀರ್ಪು ಮೊದ್ಲೇ ಬರ್ಕೊಂಡ್ ಬರ್ಬೇಡ” ಎಂದಳು.

ಬರೆದಾಗಿತ್ತು.

ತಗಡಿನ ಸೂರಿನ ಆ ಹಾಲ್‌ನಲ್ಲಿ, ಸ್ವರ ಸ್ಪಷ್ಟವಾಗಿ ಕೇಳಿಸಲೆಂದು ತರಗತಿಯ ಮೇಡಂ ಫ್ಯಾನುಗಳನ್ನೂ ನಿಲ್ಲಿಸಿದ್ದರು. ಏಪ್ರಿಲ್ ತಿಂಗಳ ಸೆಕೆಯಲ್ಲಿ ಕಲಾಸಕ್ತರೆಲ್ಲ ಏಕಕಾಲಕ್ಕೆ ಬೇಯುತ್ತಿದ್ದೆವು. ವೇದಿಕೆಯ ಮೇಲೆ ಪಿಂಗಾಣಿ ಬಟ್ಟಲುಗಳು ಅರ್ಧಚಂದ್ರಾಕಾರವಾಗಿ ಕೂತಿದ್ದವು. ಒಂದೊಂದರಲ್ಲಿ ಒಂದೊಂದು ಮಟ್ಟದ ನೀರು. ಜಲತರಂಗ. ಅನಘಾಳ ಪಕ್ಕದ ಹುಡುಗ ಕಂಪನದ ಕುರಿತು ದೀರ್ಘವಾಗಿ ವಿವರಿಸುತ್ತಿದ್ದ. ನುಡಿಸಬೇಕಾದ ನಮ್ಮ ಹುಡುಗಿ, ಬಾಯಾರಿಕೆಯ ಭರದಲ್ಲಿ, ಎಲ್ಲರೂ ನೋಡುತ್ತಿರುವಂತೆಯೇ, ಎದುರಿಗಿದ್ದ ಬಟ್ಟಲೆತ್ತಿ ಗಟಗಟ ಕುಡಿದುಬಿಟ್ಟಳು.

“ಲೇ, ಪಂಚಮಾನೇ ಕುಡ್ದುಬಿಟ್ಯಲ್ಲೇ!” ಎಂದ ಹುಡುಗ. ಸಭೆ ಗೊಳ್ಳೆಂದಿತು.

ನನ್ನ ವಾದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷ್ಯ ಬೇಕೆ, ನೀವೇ ಹೇಳಿ. ಆದರೆ ಮಗು ನೋಡಿದ್ದು ಮೇಡಂ ಕಡೆಗಲ್ಲ, ನನ್ನ ಕಡೆಗೆ. ಕಣ್ಣಂಚು ಆಗಲೇ ಒದ್ದೆ. ಮೇಡಂ ಕುರ್ಚಿ ಬಿಟ್ಟು ಏಳಲಿಲ್ಲ. ಅವರು ಏಳಲಿಲ್ಲವಲ್ಲ, ಅದಕ್ಕೆ ನಾನು ಅವರಿಗೆ ಇವತ್ತಿಗೂ ಕೃತಜ್ಞಳು.

ಅನಘಾ ಬಟ್ಟಲಿಗೆ ಒಮ್ಮೆ ತಟ್ಟಿದಳು. “ನೀರು ಕಮ್ಮಿ ಆದ್ರೆ ಸ್ವರ ಮೇಲಕ್ಕೆ ಹೋಗತ್ತೆ. ಈಗ ಹೋಗಿದೆ. ಇಳಿಸ್ಬೇಕು” ಎಂದು ಸಭೆಗೇ ಹೇಳಿ, “ಚಿಕ್ಕಿ, ನಿನ್ ಬಾಟ್ಲಿ ತಗೊಂಬಾ” ಎಂದಳು.

ಪ್ರತಿಪಕ್ಷದ ನಾಯಕಿ ವೇದಿಕೆ ಹತ್ತಿ ನೀರು ಸುರಿದಳು. ಅನಘಾ ತಟ್ಟುತ್ತಾ, ಕಣ್ಣುಮುಚ್ಚಿ, “ಇನ್ನೂ... ಇನ್ನೊಂಚೂರು... ಅಯ್ಯೋ, ಜಾಸ್ತಿ ಆಯ್ತು!” ಎಂದವಳೇ ಬಟ್ಟಲಿಗೆ ತುಟಿಯಿಟ್ಟು, ಹಕ್ಕಿಯಷ್ಟು ಹೀರಿ, ಮತ್ತೆ ತಟ್ಟಿದಳು. ಪಂಚಮ ತನ್ನ ಜಾಗಕ್ಕೆ ಬಂದು ಕೂತಿತು. ಈ ಸಲ ಯಾರೂ ನಗಲಿಲ್ಲ.

ಆ ಒಂದು ಗುಟುಕಿನಲ್ಲಿ ವಿಜ್ಞಾನವೆಷ್ಟು, ಕಲೆಯೆಷ್ಟು ಎಂದು ಬೇರ್ಪಡಿಸಲು ಬಾಟಲಿ ಹಿಡಿದು ನಿಂತಲ್ಲೇ ಪ್ರಾಮಾಣಿಕವಾಗಿ ಯತ್ನಿಸಿದೆ, ಆಗಲಿಲ್ಲ. ಎಷ್ಟೋ ಚರ್ಚೆ ಸೋತಿದ್ದೇನೆ, ಪ್ರತಿಸಲವೂ ತೀರ್ಪುಗಾರರನ್ನು ಶಪಿಸುತ್ತಾ. ಸೋತು ಚಪ್ಪಾಳೆ ತಟ್ಟಿದ್ದು ಇದೇ ಮೊದಲು.

ಸಂಜೆ ಅಕ್ಕ ಸ್ಟೀಲ್ ಲೋಟದಲ್ಲಿ ಕಾಫಿ ತಂದಿಟ್ಟು, “ಏನಂತೀಯಾ? ಟ್ಯೂಷನ್ನಾ?” ಎಂದಳು.

ನಾನು ಚಮಚ ತೆಗೆದುಕೊಂಡು ಲೋಟಕ್ಕೆ ತಟ್ಟಿದೆ. ಒಂದು ಗುಟುಕು ಕುಡಿದೆ. ಮತ್ತೆ ತಟ್ಟಿದೆ.

“ಮೇಲಕ್ಕೆ ಹೋಯ್ತಾ ಚಿಕ್ಕಿ?” ಒಳಕೋಣೆಯಿಂದ ಅಳುಕುತ್ತಾ ಬಂತು ದನಿ.

“ಹೋಯ್ತು ಕಣೇ” ಎಂದೆ.

ಅಕ್ಕ ನಮ್ಮಿಬ್ಬರ ಕಡೆಗೂ ನೋಡಿ, ಇನ್ನೊಂದು ಚಮಚ ತರಲು ಒಳಗೆ ಹೋದಳು.